ಹಳೆಯ ಫೋಟೋ ಓದುವಾಗ: ಕೋಟು, ಕೈಬೆರಳು, ಬೈರಾಸು

ಕಾಸರಗೋಡಿನ ಕಡೆಯ ಹಳೆಯ ಮನೆಗಳ ಚಾವಡಿಯಲ್ಲಿ ಇಂಥ ಒಂದು ಫೋಟೋ ಸಾಮಾನ್ಯ: ಚಿತ್ರ ಬರೆದ ಪರದೆಯ ಮುಂದೆ ಕೆತ್ತನೆಯ ಕುರ್ಚಿ, ಅದರಲ್ಲಿ ಯಜಮಾನರು. ಮೈಮೇಲೆ ಕರಿಕೋಟು, ಕೆಳಗೆ ಕಚ್ಚೆಪಂಚೆ, ಬರಿಗಾಲು. ಕೋಟು ಕಂಡದ್ದೇ ‘ಶ್ರೀಮಂತರು’ ಎಂದು ಬರೆದುಬಿಡುವ ಆತುರ ಬೇಡ. ಕೋಟು, ಗಡಿಯಾರ, ದಪ್ಪ ಪುಸ್ತಕಗಳನ್ನು ಸ್ಟುಡಿಯೋದವರೇ ಒದಗಿಸುವ ವಾಡಿಕೆಯಿತ್ತು. ತೋಳು ಮಣಿಕಟ್ಟಿಗೆ ಎಟುಕದಿದ್ದರೆ, ಭುಜ ಜೋತಿದ್ದರೆ, ಅದು ಬೇರೆಯವರ ಅಳತೆಗೆ ಹೊಲಿದ ಕೋಟು. ಹೇಗೆ ಕಾಣಿಸಿಕೊಳ್ಳಲು ಬಯಸಿದ್ದರು ಎಂಬುದನ್ನು ಉಡುಪು ಹೇಳುತ್ತದೆ. ಹೇಗೆ ದುಡಿದರು ಎಂಬುದನ್ನು ತಿಳಿಯಲು ಕೈಕಾಲು ನೋಡಬೇಕು.

ಇದಕ್ಕೆ ತಾಂತ್ರಿಕ ಕಾರಣವೂ ಇದೆ. ನೆಗೆಟಿವ್ ಮೇಲೆ ಪೆನ್ಸಿಲಿನಿಂದ ತಿದ್ದಿ ಮುಖದ ಸುಕ್ಕು, ಕಲೆಗಳನ್ನು ಮರೆಮಾಡುತ್ತಿದ್ದರು. ಆ ಉಪಚಾರ ಹೆಚ್ಚಾಗಿ ಮುಖಕ್ಕೇ ಮೀಸಲು. ಹಾಗಾಗಿ ನುಣುಪು ಕೆನ್ನೆಯ ಮನುಷ್ಯನಿಗೆ ದಪ್ಪ ಗೆಣ್ಣಿನ ಬೆರಳುಗಳಿದ್ದರೆ ಬೆರಳನ್ನೇ ನಂಬಿ. ಬರಿಗಾಲು ಮಾತ್ರ ಬಡತನಕ್ಕೆ ಸಾಕ್ಷಿಯಲ್ಲ. ಉಳ್ಳವರೂ ಚಪ್ಪಲಿಯನ್ನು ಹೊರಗೆ ಬಿಟ್ಟೇ ಕುಳಿತುಕೊಳ್ಳುತ್ತಿದ್ದರು.

ಹೆಂಗಸರ ಸೀರೆ ಕರ್ರಗೆ ಕಂಡರೆ ಅದು ಕಪ್ಪು ಸೀರೆಯೇ ಆಗಬೇಕೆಂದಿಲ್ಲ. ಆ ಕಾಲದಲ್ಲಿ ನೆಗೆಟಿವ್‌ಗೆ ಬಳಸುತ್ತಿದ್ದ ಗಾಜಿನ ಪ್ಲೇಟುಗಳಲ್ಲಿ ಬಹುಪಾಲು ಕೆಂಪು ಬೆಳಕನ್ನು ಗ್ರಹಿಸುತ್ತಿರಲಿಲ್ಲ. ಕೆಂಪು ಸೀರೆ, ಹಣೆಯ ಕುಂಕುಮ ಎರಡೂ ಕಪ್ಪಾಗಿ ಬೀಳುತ್ತವೆ, ನೀಲಿ ಬಿಳಿಚಿಕೊಳ್ಳುತ್ತದೆ.

ಇಸವಿಗೆ ಹಿಂಬದಿಯ ಮೊಹರು ನೋಡಿ. ಕಾಸರಗೋಡಿನ ಸ್ಟುಡಿಯೋದ ವಿಳಾಸದಲ್ಲಿ ‘ಸೌತ್ ಕೆನರಾ’ (ಆಗಿನ ದಕ್ಷಿಣ ಕನ್ನಡ ಜಿಲ್ಲೆ) ಎಂದಿದ್ದರೆ, ಊರು ಕೇರಳಕ್ಕೆ ಸೇರಿದ 1956ರ ನವೆಂಬರ್ 1ಕ್ಕಿಂತ ಹಿಂದಿನದಾಗಿರುವ ಸಂಭವ ಹೆಚ್ಚು. ಆರಂಕಿಯ ಪಿನ್ ಕೋಡ್ ಇದ್ದರೆ ಮೊಹರು 1972ರ ಆಗಸ್ಟಿನ ಈಚೆಗಿನದು. ಚಿತ್ರ ಅದಕ್ಕಿಂತ ಹಳೆಯದಾಗಿದ್ದರೆ, ನಿಮ್ಮ ಕೈಯಲ್ಲಿರುವುದು ಆಮೇಲೆ ತೆಗೆಸಿದ ಪ್ರತಿ.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಅಂಗಳದಲ್ಲಿ ತೆಗೆದ ಗುಂಪು ಚಿತ್ರಗಳ ಅಂಚು. ಕಂಬದ ಬಳಿ, ಚೌಕಟ್ಟಿಗೆ ಅರ್ಧ ಸಿಕ್ಕಿ ಅರ್ಧ ಸಿಗದೆ, ಒಬ್ಬ ಕೆಲಸದಾಳು ನಿಂತಿರುತ್ತಾನೆ. ತಲೆಯ ಮೇಲಿರಬೇಕಾದ ಹಾಳೆಟೊಪ್ಪಿ (ಅಡಿಕೆ ಹಾಳೆಯ ಟೊಪ್ಪಿ) ಕೈಯಲ್ಲಿ, ಹೆಗಲಿನ ಬೈರಾಸು, ಅಂದರೆ ಮೈ ಒರೆಸುವ ವಸ್ತ್ರ, ಕಂಕುಳಲ್ಲಿ. ಧಣಿಯ ಮುಂದೆ ಬೈರಾಸು ಹೆಗಲಿನಿಂದ ಇಳಿಯಬೇಕಿತ್ತು. ಒಂದು ತುಂಡು ಬಟ್ಟೆ ಮೈಮೇಲೆ ಎಲ್ಲಿದೆ ಎಂಬುದರಲ್ಲೇ ಧಣಿ, ಆಳುಗಳ ನಡುವಿನ ಅಂತರವಿದೆ. ಕೋಟಿನ ಬಗ್ಗೆ ಪುಟಗಟ್ಟಲೆ ಬರೆಯುವ ನಾವು ಇದನ್ನು ‘ಹಿನ್ನೆಲೆ’ ಎಂದು ಬಿಟ್ಟುಬಿಡುತ್ತೇವೆ! ಕೇರಳದ ಭೂಸುಧಾರಣೆ 1970ರ ಜನವರಿ 1ರಿಂದ ಗೇಣಿ ಪದ್ಧತಿಯನ್ನು ಕೊನೆಗೊಳಿಸಿತು. ಅದೇ ಮನೆಯ ಮದುವೆ, ಗೃಹಪ್ರವೇಶದ ಆಮೇಲಿನ ಚಿತ್ರಗಳು ಸಿಕ್ಕರೆ ಪಕ್ಕದಲ್ಲಿಟ್ಟು ಹೋಲಿಸಿ: ಬೈರಾಸು ಎಲ್ಲಿದೆ, ಯಾರು ಕುಳಿತಿದ್ದಾರೆ, ಯಾರು ಇನ್ನೂ ನಿಂತೇ ಇದ್ದಾರೆ.