ಟವರ್ ಬೈಯುವ ಮೊದಲು ತಂತಿ ನೋಡಿ

ಮಲೆನಾಡಿನಲ್ಲಿ ಏನು ಕೆಟ್ಟರೂ ಮೊದಲು ಬೈಸಿಕೊಳ್ಳುವುದು ಟವರ್. ಫೋನಿನ ವಿಷಯದಲ್ಲಿ ಅದು ನ್ಯಾಯವೇ. ಆದರೆ ಮೀಟರಿಗೆ ವೈರ್‌ಲೆಸ್ ಕನ್ವರ್ಟರ್ (ರೀಡಿಂಗನ್ನು ರೇಡಿಯೊದಲ್ಲಿ ಆಫೀಸಿಗೆ ಕಳಿಸುವ ಡಬ್ಬಿ) ಹಾಕಿಸಿಕೊಂಡವರೂ ಅದೇ ರಾಗ ಎಳೆದರೆ ನನಗೆ ತಲೆಬಿಸಿ. "ರೀಡಿಂಗ್ ಬರ್ತಿಲ್ಲ ಮಾರಾಯ್ರೇ, ಸಿಗ್ನಲ್ ಇಲ್ಲ ಅನ್ಸುತ್ತೆ. ಆಂಟೆನಾ ಇನ್ನೂ ಸ್ವಲ್ಪ ಎತ್ತರಿಸೋಣ್ವಾ?" ವಾರಕ್ಕೊಂದಾದರೂ ಇಂಥ ಫೋನ್ ಬರುತ್ತದೆ.

ನಾನು ಹಾಕುವ ಕನ್ವರ್ಟರ್‌ಗಳಿಗೂ ಮೊಬೈಲ್ ಟವರಿಗೂ ಸಂಬಂಧವೇ ಇಲ್ಲ. ಅವು ಲೋರಾ ಅನ್ನುವ, ಕಡಿಮೆ ಕರೆಂಟಿನಲ್ಲಿ ದೂರ ತಲುಪುವ ರೇಡಿಯೊದವು. ಲೈಸೆನ್ಸ್ ಬೇಡದ 865 ಮೆಗಾಹರ್ಟ್ಸ್ ಬ್ಯಾಂಡಿನಲ್ಲಿ ನೇರವಾಗಿ ಆಫೀಸಿನ ಗೇಟ್‌ವೇ (ಸಂದೇಶ ಹಿಡಿದು ಕಂಪ್ಯೂಟರಿಗೆ ಕೊಡುವ ಪೆಟ್ಟಿಗೆ) ಜೊತೆ ಮಾತಾಡುತ್ತವೆ. ಇದನ್ನು ಹೇಳಿ ಹೇಳಿ ಸಾಕಾಗಿದೆ, ಇರಲಿ.

ಶಿವಮೊಗ್ಗದ ಹೊರವಲಯದ ಒಂದು ಅಕ್ಕಿ ಗಿರಣಿ. ನಾನು ಹೋಗುವಷ್ಟರಲ್ಲಿ ಆಂಟೆನಾ ಮೂರು ಸಲ ಮೇಲೇರಿತ್ತು. ಕೊನೆಗೆ ಜಿಐ ಪೈಪಿನ ತುದಿಗೆ ಬಿದಿರಿನ ಗಳ ಕಟ್ಟಿ, ಅದರ ತುದಿಗೆ ಆಂಟೆನಾ ಬಿಗಿದಿದ್ದರು. ಒಳಗೆ ಹೋಗಿ ಕಂಪ್ಯೂಟರ್ ನೋಡಿದೆ. ವೋಲ್ಟೇಜ್ ಖಾಲಿ, ಯೂನಿಟ್ ಖಾಲಿ. ಆದರೆ ಪಕ್ಕದಲ್ಲೇ ಕೊನೆಯ ಸಂದೇಶ ಬಂದ ಸಮಯ ಇತ್ತು. ಎರಡು ನಿಮಿಷದ ಹಿಂದಿನದು. ಅದರ ಮುಂದೆ ಕೆಂಪಕ್ಷರದಲ್ಲಿ "ಮೀಟರ್ ಉತ್ತರಿಸುತ್ತಿಲ್ಲ".

"ಸಾರ್, ಈ ಕೆಂಪಕ್ಷರ ಇಲ್ಲಿಗೆ ಹೇಗೆ ಬಂತು?" ಅಂತ ಕೇಳಿದೆ.

"ವೈರ್‌ಲೆಸ್ಸಲ್ಲಿ."

"ಮತ್ತೆ?"

ಮಾಲೀಕರು ಸ್ವಲ್ಪ ಹೊತ್ತು ಪರದೆ ನೋಡಿದರು. "ಹೌದಲ್ವಾ!"

ನನಗೆ ಹೇಳಬೇಕಾದದ್ದು ಇಷ್ಟೇ. ಆದರೂ ಇನ್ನೊಂದು ಸಲ ಬಿಡಿಸಿ ಹೇಳುತ್ತೇನೆ. ದಾರಿ ಎರಡು ತುಂಡು. ಮೀಟರಿನಿಂದ ಕನ್ವರ್ಟರಿಗೆ ತಂತಿ, ಬಹುತೇಕ ಕಡೆ ಅದು ಒಂದು ಮೀಟರ್ ಉದ್ದ ಕೂಡ ಇರುವುದಿಲ್ಲ. ಕನ್ವರ್ಟರಿನಿಂದ ಆಫೀಸಿಗೆ ಗಾಳಿ. "ಮೀಟರ್ ಮಾತಾಡ್ತಿಲ್ಲ" ಎಂಬ ದೂರು ಗಾಳಿಯಲ್ಲೇ ಬಂದಿದೆ ಅಂದಮೇಲೆ ಗಾಳಿಯ ದಾರಿ ಸರಿ ಇದೆ. ಕೆಟ್ಟ ಸುದ್ದಿಯ ಕಾಗದ ಕೈಗೆ ಬಂದಾಗ "ಪೋಸ್ಟ್‌ಮ್ಯಾನ್ ಬರ್ತಾನೇ ಇಲ್ಲ" ಅಂತ ಯಾರಾದರೂ ಹೇಳುತ್ತಾರಾ? ಸಂದೇಶದ ಸಮಯ ಬದಲಾಗುತ್ತಿದ್ದು ರೀಡಿಂಗ್ ಮಾತ್ರ ಇಲ್ಲ ಅಂದರೆ ಏಣಿ ಬೇಡ, ಸ್ಕ್ರೂಡ್ರೈವರ್ ತನ್ನಿ.

ಗಿರಣಿಯ ಪ್ಯಾನಲ್ ತೆಗೆದೆವು. ಕನ್ವರ್ಟರಿನಲ್ಲಿ ಎರಡು ಪುಟ್ಟ ದೀಪ ಇರುತ್ತವೆ, ಒಂದು ಮೀಟರಿಗೆ ಪ್ರಶ್ನೆ ಕೇಳುವುದಕ್ಕೆ, ಒಂದು ಅದರ ಉತ್ತರಕ್ಕೆ. ಕೇಳುವ ದೀಪ ಮಿಣುಕ್ ಮಿಣುಕ್ ಅನ್ನುತ್ತಲೇ ಇತ್ತು. ಉತ್ತರದ ದೀಪ ಆಗೊಮ್ಮೆ ಈಗೊಮ್ಮೆ ತಡವರಿಸಿದಂತೆ ಹೊಳೆದು ಸುಮ್ಮನಾಗುತ್ತಿತ್ತು. ವಿಚಾರಿಸಿದರೆ ಹಿಂದಿನ ವಾರ ಅದೇ ತಂತಿಗೆ ಎರಡನೇ ಎನರ್ಜಿ ಮೀಟರ್ ಸೇರಿಸಿದ್ದರಂತೆ. "ಒಂದಿದ್ದಾಗ ಚೆನ್ನಾಗಿತ್ತು. ಎರಡಾದ ಮೇಲೆ ನೆಟ್‌ವರ್ಕಿಗೆ ಲೋಡ್ ಜಾಸ್ತಿ ಆಯ್ತು" ಅಂತ ಅಲ್ಲಿನ ಎಲೆಕ್ಟ್ರಿಷಿಯನ್ ತೀರ್ಪು. ಲೋಡೂ ಇಲ್ಲ, ಮಣ್ಣೂ ಇಲ್ಲ. ಮೋಡ್‌ಬಸ್ಸಿನಲ್ಲಿ, ಅಂದರೆ ಈ ತಂತಿಯ ಮೇಲೆ ಮೀಟರುಗಳು ಮಾತಾಡುವ ಭಾಷೆಯಲ್ಲಿ, ಪ್ರತಿ ಮೀಟರಿಗೂ 1ರಿಂದ 247ರೊಳಗೆ ಒಂದು ವಿಳಾಸ ಕೊಡಬೇಕು. ಕಾರ್ಖಾನೆಯಿಂದ ಬರುವಾಗ ಸಾಮಾನ್ಯವಾಗಿ ಎಲ್ಲದರದ್ದೂ 1. ಕನ್ವರ್ಟರ್ "ಒಂದನೇ ನಂಬರ್ ಹೇಳಪ್ಪ" ಅಂದರೆ ಎರಡೂ ಮೀಟರ್ ಒಟ್ಟಿಗೆ ಬಾಯಿ ತೆಗೆಯುತ್ತವೆ. ಎರಡನೆಯದರ ವಿಳಾಸ 2 ಮಾಡಿದೆ. ಮುಗಿಯಿತು.

ಮೀಟರಿನಿಂದ ಕನ್ವರ್ಟರಿಗೆ ಬರುವ ಎ, ಬಿ ಎಂಬ ಎರಡು ತಂತಿ ಅದಲುಬದಲಾದ ಕೇಸುಗಳೂ ಬೇಕಾದಷ್ಟು. ಒಂದು ಕಂಪನಿಯ ಎ ಅಂದರೆ ಪ್ಲಸ್, ಇನ್ನೊಂದರದ್ದು ಮೈನಸ್. ಆರ್‌ಎಸ್-485 ಅನ್ನುವ ಈ ತಂತಿ ಜೋಡಣೆಯಲ್ಲಿ ಇವೆರಡನ್ನು ತಿರುಗಿಸಿ ಹಾಕಿದರೆ ಏನೂ ಸುಡುವುದಿಲ್ಲ, ಮಾತು ನಿಲ್ಲುತ್ತದೆ ಅಷ್ಟೆ. ತಿರುಗಿಸಿ ನೋಡಿ. ಆದರೆ ಮೇನ್ ಆಫ್ ಮಾಡದೆ ಪ್ಯಾನಲ್ಲಿಗೆ ಕೈ ಹಾಕಬೇಡಿ. ಆ ತಂತಿಯ ಪಕ್ಕದಲ್ಲೇ 415 ವೋಲ್ಟ್ ಇರುತ್ತದೆ.

ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಯಜಮಾನರೊಬ್ಬರ ಕಥೆ ಇನ್ನೂ ಚೆಂದ. ಮೂರು ಮೀಟರ್ ಆಳದ ಟ್ಯಾಂಕಿಗೆ 4-20 ಮಿಲಿಆಂಪಿನ ಲೆವೆಲ್ ಸೆನ್ಸಾರ್, ಅಂದರೆ ನೀರಿನ ಮಟ್ಟವನ್ನು ತಂತಿಯಲ್ಲಿ ಹರಿಯುವ ಕರೆಂಟಿನ ಅಳತೆಯಲ್ಲಿ ಹೇಳುವಂಥದ್ದು. ಟ್ಯಾಂಕ್ ಖಾಲಿಯಾದರೆ 4, ತುಂಬಿದರೆ 20. ಒಂದು ಬೆಳಿಗ್ಗೆ ಫೋನು: "ಟ್ಯಾಂಕಲ್ಲಿ ಮೈನಸ್ 75 ಸೆಂಟಿಮೀಟರ್ ನೀರು ತೋರಿಸ್ತಿದೆ. ಮೋಡ ಮುಚ್ಚಿದೆ ನೋಡಿ, ನೆಟ್‌ವರ್ಕ್ ಪ್ರಾಬ್ಲಂ." ಮೈನಸ್ ನೀರು! ಖಾಲಿ ಟ್ಯಾಂಕಿಗೂ 4 ಇಟ್ಟಿರುವುದು ಇದಕ್ಕೇ. ತಂತಿ ತುಂಡಾದರೆ ಕರೆಂಟ್ ಸೊನ್ನೆಗೆ ಬೀಳುತ್ತದೆ, ಲೆಕ್ಕ ಖಾಲಿಗಿಂತಲೂ ಕೆಳಗೆ ಹೋಗುತ್ತದೆ. ಸೊನ್ನೆ ಮಿಲಿಆಂಪಿಗೆ ಲೆಕ್ಕ ಹಾಕಿದರೆ ಸರಿಯಾಗಿ ಮೈನಸ್ 75. ಇಲಿ ಕಡಿದಿತ್ತು. ಯಜಮಾನರಿಗೆ ಬೇಜಾರಾಯಿತು, ಪಾಪ. ಅಷ್ಟರಲ್ಲಾಗಲೇ ಆಂಟೆನಾಕ್ಕೆ ಅಡ್ಡ ಅಂತ ಹಲಸಿನ ಮರದ ಎರಡು ಕೊಂಬೆ ಕಡಿಸಿದ್ದರು.

ಗಾಳಿಯ ದಾರಿ ಕೆಡುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. ಗುಡ್ಡ ಅಡ್ಡ ಬಂದರೆ, ತಗಡಿನ ಶೆಡ್ಡಿನೊಳಗೆ ಆಂಟೆನಾ ಇಟ್ಟರೆ, ಕನೆಕ್ಟರಿಗೆ ಮಳೆನೀರು ಹೋದರೆ ಕೆಡುತ್ತದೆ. ಆಗ ಸಂದೇಶದ ಸಮಯವೇ ನಿಂತುಬಿಡುತ್ತದೆ, ದೂರು ಕೂಡ ಬರುವುದಿಲ್ಲ. ಕನ್ವರ್ಟರಿಗೆ ಕರೆಂಟ್ ಹೋದರೂ ಹಾಗೇ ಕಾಣುತ್ತದೆ. ಆದ್ದರಿಂದ ಆಗಲೂ ಏಣಿ ಹತ್ತುವ ಮೊದಲು ಫ್ಯೂಸ್ ನೋಡಿ.

ಗಿರಣಿಯ ಬಿದಿರಿನ ಗಳ ಇನ್ನೂ ನಿಂತಿದೆ. ಆಯುಧಪೂಜೆಗೆ ಅದಕ್ಕೂ ಚೆಂಡುಹೂವಿನ ಹಾರ ಬಿದ್ದಿತ್ತು. "ಎತ್ತರ ಇದ್ರೆ ಲಾಸ್ ಏನಿಲ್ಲ ಅಲ್ವಾ?" ಅಂದರು ಮಾಲೀಕರು. ಏಪ್ರಿಲ್ ಗುಡುಗು ಸಿಡಿಲು ಶುರುವಾಗುವ ಮೊದಲು ಇಳಿಸಿಬಿಡಿ ಅಂದಿದ್ದೇನೆ. "ನೋಡೋಣ" ಅಂದಿದ್ದಾರೆ.