ಬೂತಾಯಿ ಮೀನಿನ ಲೆಕ್ಕ ಹಾಕುವುದು ಹೇಗೆ?

ಮೀನಿನ ಅಂಕಿಅಂಶ ನನ್ನ ಕೆಲಸ ಅಂದ ಕೂಡಲೇ ಜನ ಕೇಳುವ ಪ್ರಶ್ನೆ ಒಂದೇ: ಕಡಲಿನ ಮೀನನ್ನು ಎಣಿಸುವುದು ಹೇಗೆ? ನಿಜ ಹೇಳಬೇಕೆಂದರೆ ನಾವು ಎಣಿಸುವುದು ಧಕ್ಕೆಯಲ್ಲಿ, ಅಂದರೆ ಬೋಟುಗಳು ಮೀನು ಇಳಿಸುವ ಜಾಗದಲ್ಲಿ. ಅಲ್ಲೂ ಮೊದಲು ಎಣಿಸುವುದು ಬೋಟುಗಳನ್ನು.

ದೇಶದ ಕರಾವಳಿಗೆ ಎಷ್ಟು ಮೀನು ಬಂತು ಎನ್ನುವ ಲೆಕ್ಕವನ್ನು ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ದಶಕಗಳಿಂದ ಸ್ಯಾಂಪಲ್ ಮೂಲಕ ಮಾಡುತ್ತಿದೆ. ಕರಾವಳಿಯನ್ನು ವಲಯಗಳಾಗಿ ಹಂಚುತ್ತಾರೆ. ಮೀನು ಇಳಿಸುವ ಯಾವ ಕೇಂದ್ರಕ್ಕೆ ಯಾವ ದಿನ ಹೋಗಬೇಕು ಎನ್ನುವುದನ್ನು ಚೀಟಿ ಎತ್ತಿದ ಹಾಗೆ ಆರಿಸುತ್ತಾರೆ. ಲೆಕ್ಕ ಬರೆಯುವವರ ಅನುಕೂಲಕ್ಕೆ ಬಿಟ್ಟರೆ ಮೀನು ಜಾಸ್ತಿ ಬಂದ ದಿನವೇ ಹೋಗುತ್ತಾರೆ, ಅಲ್ವಾ? ಬೋಟು ಕಡಿಮೆ ಇದ್ದರೆ ಎಲ್ಲವನ್ನೂ ನೋಡುತ್ತಾರೆ. ಜಾಸ್ತಿ ಇದ್ದರೆ ಇಷ್ಟು ಬೋಟಿಗೆ ಒಂದು ಅಂತ ಆರಿಸುತ್ತಾರೆ. ಏಲಂ ಗದ್ದಲದ ನಡುವೆಯೇ ಯಾವ ಜಾತಿ, ಎಷ್ಟು ಕಿಲೋ, ಎಷ್ಟು ಹೊತ್ತಿನ ಮೀನುಗಾರಿಕೆ ಎಂದು ಬರೆದುಕೊಳ್ಳಬೇಕು. ಆಮೇಲೆ ಅದನ್ನು ತಿಂಗಳಿಗೆ, ವಲಯಕ್ಕೆ, ರಾಜ್ಯಕ್ಕೆ ಹಿಗ್ಗಿಸುವುದು. ಈ ಭಾಗ ಗಟ್ಟಿಯಾಗಿದೆ. ತಪ್ಪು ಎಷ್ಟಿರಬಹುದು ಎಂದೂ ಹೇಳಲು ಬರುತ್ತದೆ.

ತೊಡಕು ಶುರುವಾಗುವುದು ಇಲ್ಲಿಂದ ಮುಂದೆ. ಧಕ್ಕೆಗೆ ಬಂದದ್ದು ಗೊತ್ತಾಯಿತು, ಕಡಲಲ್ಲಿ ಉಳಿದದ್ದು ಎಷ್ಟು? ಹಳೆಯ ಉಪಾಯ ಇದು: ಕಡಲಲ್ಲಿ ಮೀನು ಅರ್ಧಕ್ಕೆ ಇಳಿದರೆ, ಒಂದು ಗಂಟೆ ಬಲೆ ಎಳೆದಾಗ ಸಿಗುವುದೂ ಅರ್ಧಕ್ಕೆ ಇಳಿಯಬೇಕು. ತಳದಲ್ಲಿ ಚದುರಿಕೊಂಡಿರುವ ಮೀನಿಗೆ ಇದು ಸುಮಾರಾಗಿ ಹೊಂದುತ್ತದೆ. ಬೂತಾಯಿಗೆ, ಅಂದರೆ ಸಾರ್ಡೀನ್ ಮೀನಿಗೆ, ಹೊಂದುವುದಿಲ್ಲ.

ಬೂತಾಯಿ ಹಿಂಡು ಕಟ್ಟುವ ಮೀನು. ಪರ್ಸೀನ್ ಎನ್ನುವ ಸುತ್ತುಬಲೆಯ ಬೋಟು ಒಂದು ಹಿಂಡನ್ನು ಸುತ್ತುವರಿದರೆ ಬಲೆ ತುಂಬುತ್ತದೆ. ಕಡಲಲ್ಲಿ ನೂರು ಹಿಂಡು ಇದ್ದರೂ ಅಷ್ಟೇ, ಹತ್ತು ಇದ್ದರೂ ಅಷ್ಟೇ. ಬದಲಾಗುವುದು ಹಿಂಡನ್ನು ಹುಡುಕಲು ಹಿಡಿಯುವ ಹೊತ್ತು. ಆ ಹೊತ್ತನ್ನೇ ನಾವು ಸರಿಯಾಗಿ ಬರೆದುಕೊಳ್ಳುವುದಿಲ್ಲ. ಪುಸ್ತಕದಲ್ಲಿ ಬರುವುದು 'ಒಂದು ಟ್ರಿಪ್' ಅಷ್ಟೇ. ಎಷ್ಟು ಅಲೆದಿರಿ ಎಂದು ಬೋಟು ನಡೆಸುವ ತಾಂಡೇಲರನ್ನು ಕೇಳಿ ಬರೆದ ಒಂದು ಸಾಲು, ನನ್ನ ಮಟ್ಟಿಗೆ, ಎಷ್ಟೋ ಟನ್ನಿನ ಅಂಕಿಗಿಂತ ಮೇಲು. ಬಲೆಯೂ ಬದಲಾಗುತ್ತದೆ. ಕರ್ನಾಟಕದಲ್ಲಿ ಮೀನು ದಡದ ಹತ್ತಿರ ಬರಲಿ ಎಂದು ಕಾಯುವ, ದಡದಿಂದಲೇ ಎಳೆಯುವ ರಂಪಣಿ ಬಲೆ ಇತ್ತು. 1970ರ ದಶಕದ ನಡುವಿನಲ್ಲಿ ಮೀನಿದ್ದಲ್ಲಿಗೇ ಹೋಗುವ ಪರ್ಸೀನ್ ಬಂತು. ಈ ಎರಡರ ಅಂಕಿಗಳನ್ನು ಸುಮ್ನೆ ಒಂದೇ ಗೆರೆಯಲ್ಲಿ ಜೋಡಿಸಿದರೆ ಕಡಲಿನ ಮೀನೇ ಹೆಚ್ಚಾದಂತೆ ಕಾಣುತ್ತದೆ.

ಬಲೆಗೆ ಸಿಕ್ಕಿದ್ದನ್ನೇ ಕಡಲಿನ ಲೆಕ್ಕ ಎಂದು ನಂಬಿದ್ದಕ್ಕೆ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದೊಡ್ಡ ಬೆಲೆ ತೆತ್ತಿತು. 1980ರ ದಶಕದಲ್ಲಿ ದೂರ ಕಡಲಿನ ದೊಡ್ಡ ಟ್ರಾಲರುಗಳಿಗೆ ಕಾಡ್ ಮೀನು ಚೆನ್ನಾಗಿಯೇ ಸಿಗುತ್ತಿತ್ತು. ಉಳಿದ ಕಾಡ್ ಎಲ್ಲಿ ಗುಂಪುಗೂಡಿದೆ ಎನ್ನುವುದು ಅವುಗಳಿಗೆ ಗೊತ್ತಾಗುತ್ತಿತ್ತು. ದಡದ ಸಣ್ಣ ದೋಣಿಗಳವರು ಮಾತ್ರ ಮೀನು ಕಡಿಮೆಯಾಗಿದೆ, ಸಣ್ಣದಾಗಿದೆ ಎಂದು ದೂರುತ್ತಲೇ ಇದ್ದರು. ಲೆಕ್ಕದಲ್ಲಿ ಟ್ರಾಲರುಗಳ ಅಂಕಿಗೆ ತೂಕ ಜಾಸ್ತಿಯಾಯಿತು. 1992ರ ಜುಲೈ 2ರಂದು ಕಾಡ್ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ಸುಮಾರು 30,000 ಜನರ ದುಡಿಮೆ ಹೋಯಿತು.

ಹಾಗಾಗಿ ನಾವು ಇನ್ನೊಂದು ಸಾಕ್ಷಿ ಹುಡುಕುತ್ತೇವೆ: ಮೀನಿನ ಉದ್ದ. ಅಳೆಯುವ ಪಟ್ಟಿ ಹಿಡಿದು ಒಂದೊಂದೇ ಬೂತಾಯಿಯನ್ನು ಅಳೆಯುವುದು ಬೇಜಾರಿನ ಕೆಲಸ. ಆದರೆ ತಿಂಗಳು ತಿಂಗಳ ಉದ್ದಗಳನ್ನು ಪಕ್ಕಪಕ್ಕ ಇಟ್ಟರೆ ಮರಿಗಳು ಬೆಳೆಯುವ ವೇಗ ಕಾಣುತ್ತದೆ. ದೊಡ್ಡ ಮೀನು ಎಷ್ಟು ಬೇಗ ಕಾಣೆಯಾಗುತ್ತಿವೆ ಎನ್ನುವುದರಿಂದ ಸಾವಿನ ಪ್ರಮಾಣವೂ ಸಿಗುತ್ತದೆ.

ಇಷ್ಟಾದರೂ ಬೂತಾಯಿ ಕೈಗೆ ಸಿಗುವುದಿಲ್ಲ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಬಂದಿತ್ತು. 2021ರಲ್ಲಿ ಬಂದದ್ದು ಬರೀ 3,297 ಟನ್. ಇದರ ಆಯಸ್ಸು ಎರಡು ಮೂರು ವರ್ಷ. ಮಳೆ, ನೀರಿನ ಬಿಸಿ, ಮರಿಗಳಿಗೆ ಸಿಗುವ ಆಹಾರ ಒಂದು ವರ್ಷ ಕೈಕೊಟ್ಟರೂ ಸಾಕು, ಸಂಖ್ಯೆ ಕುಸಿಯುತ್ತದೆ. ಎಲ್ಲ ತಪ್ಪನ್ನೂ ಬಲೆಯ ಮೇಲೆ ಹೊರಿಸುವ ಹಾಗಿಲ್ಲ, ಎಲ್ಲವನ್ನೂ ಹವಾಮಾನದ ಮೇಲೆ ಹಾಕಿ ಕೈತೊಳೆದುಕೊಳ್ಳುವ ಹಾಗೂ ಇಲ್ಲ. ಬೂತಾಯಿ ಹೆಚ್ಚಾಗಿ ಮೊಟ್ಟೆ ಇಡುವುದು ಮಳೆಗಾಲದಲ್ಲಿ. ಆಗಲೇ ಜೂನ್, ಜುಲೈ ತಿಂಗಳ ನಿಷೇಧಕ್ಕೆ ನಮ್ಮ ದೊಡ್ಡ ಬೋಟುಗಳೆಲ್ಲ ದಡದಲ್ಲಿ ನಿಂತಿರುತ್ತವೆ. ಮೀನಿಗೆ ಅದು ಒಳ್ಳೆಯದೇ. ನಮ್ಮ ಲೆಕ್ಕ ಮಾತ್ರ ಆ ಎರಡು ತಿಂಗಳು ನಾಡದೋಣಿಗಳು ತರುವ ಅಷ್ಟಿಷ್ಟು ಮೀನಿನ ಮೇಲೆ ನಿಂತಿರುತ್ತದೆ.