ರೀಡ್ ವಾಲ್ವ್ ಬದಲಿಸಿದರೆ ಪಿಕಪ್ ಬರುತ್ತಾ?

ಯಮಹಾದ ಹಳೇ ಟು-ಸ್ಟ್ರೋಕ್ ಬೈಕ್ ಆರ್‌ಎಕ್ಸ್ 100 ಇಟ್ಟುಕೊಂಡವರು ಗ್ಯಾರೇಜಿಗೆ ಬಂದರೆ ಈ ಪ್ರಶ್ನೆ ಗ್ಯಾರಂಟಿ. "ಸರ್, ಕಾರ್ಬನ್ ಫೈಬರ್ ರೀಡ್ ಹಾಕಿಸಿದ್ರೆ ಪಿಕಪ್ ಎಷ್ಟು ಜಾಸ್ತಿ ಆಗುತ್ತೆ?" ರೀಡ್ ಅಂದರೆ ಕಾರ್ಬೊರೇಟರ್ ಮತ್ತು ಎಂಜಿನ್ ನಡುವೆ ಬಾಗಿಲಿನಂತೆ ತೆರೆದು ಮುಚ್ಚುವ ತೆಳು ಹಾಳೆ. ಮೊಬೈಲಿನಲ್ಲಿ ಜಾಹೀರಾತನ್ನೂ ತೋರಿಸುತ್ತಾರೆ. ಶೇಕಡಾ 20 ಪವರ್ ಹೆಚ್ಚಳ ಅಂತ ಇರುತ್ತದೆ. ನಾನು ತಿರುಗಿ ಕೇಳುವುದು ಒಂದೇ: "ಈಗ ಒಳಗಿರೋದು ಎಷ್ಟು ಹಳೇದು?" ಉತ್ತರ ಬರುವುದಿಲ್ಲ. ಈ ಬೈಕ್ ತಯಾರಿಕೆ ನಿಂತದ್ದೇ 1996ರಲ್ಲಿ.

ಒಂದು ಸಣ್ಣ ಲೆಕ್ಕ ನೋಡಿ. ಆರ್‌ಎಕ್ಸ್ 100ಗೆ ಕಂಪನಿ ಕೊಟ್ಟದ್ದು 7500 ಆರ್‌ಪಿಎಂನಲ್ಲಿ 11 ಬಿಎಚ್‌ಪಿ. ಅದಕ್ಕೆ ಶೇಕಡಾ 20 ಸೇರಿಸಿದರೆ 13 ದಾಟುತ್ತದೆ. ಎಂಜಿನ್ನನ್ನೇ 132 ಸಿಸಿಗೆ ಏರಿಸಿ ಮಾಡಿದ ಆರ್‌ಎಕ್ಸ್‌ಜಿಗೂ ಯಮಹಾ ಹೇಳಿಕೊಂಡದ್ದು ಸುಮಾರು 12. ಬರೀ ತೆಳು ಹಾಳೆ ಬದಲಿಸಿ ಅದನ್ನೂ ಮೀರಿಸಬಹುದು ಅಂದರೆ ನಂಬೋದು ಹೇಗೆ?

ರೀಡ್‌ನ ಕೆಲಸ ಬಾಗಿಲು ಕಾಯುವುದು. ಪಿಸ್ಟನ್ ಮೇಲೆ ಹೋದಾಗ ಅದರ ಕೆಳಗಿನ ಕ್ರ್ಯಾಂಕ್‌ಕೇಸಿನಲ್ಲಿ ಎಳೆತ ಹುಟ್ಟುತ್ತದೆ, ಹಾಳೆ ತೆರೆದು ಪೆಟ್ರೋಲ್-ಗಾಳಿ ಒಳಗೆ ಬರುತ್ತದೆ. ಪಿಸ್ಟನ್ ಇಳಿದಾಗ ಒತ್ತಡ ಏರಿ ಹಾಳೆ ಮುಚ್ಚುತ್ತದೆ, ಬಂದದ್ದು ಕಾರ್ಬೊರೇಟರ್ ಕಡೆ ವಾಪಸ್ ಹೋಗುವುದಿಲ್ಲ. 7500 ಆರ್‌ಪಿಎಂ ಅಂದರೆ ಸೆಕೆಂಡಿಗೆ 125 ಸಲ ತೆರೆದು ಮುಚ್ಚಬೇಕು. ತೆಳು ಹಾಳೆ ಕಡಿಮೆ ಆರ್‌ಪಿಎಂನಲ್ಲಿ ಸಲೀಸಾಗಿ ತೆರೆಯುತ್ತದೆ, ಆದರೆ ಮೇಲೆ ಹೋದಂತೆ ಪಟಪಟ ಬಡಿದುಕೊಂಡು ಹೊತ್ತಿಗೆ ಸರಿಯಾಗಿ ಮುಚ್ಚುವುದಿಲ್ಲ. ಗಟ್ಟಿ ಹಾಳೆ ಮೇಲೆ ಚೆನ್ನ, ಕೆಳಗೆ ಮಂದ. ಒಂದು ಕಡೆ ಪಡೆದರೆ ಇನ್ನೊಂದು ಕಡೆ ಸ್ವಲ್ಪ ಕೊಡಲೇಬೇಕು. ಬೊಯ್ಸೆನ್ ಕಂಪನಿ ದಪ್ಪ ಹಾಳೆಯ ಮೇಲೆ ತೆಳು ಹಾಳೆ ಕೂರಿಸಿದ್ದು ಇದೇ ತೊಂದರೆಗೆ ಪರಿಹಾರವಾಗಿ. ಜಾಣ ಉಪಾಯವೇ. ಆದರೂ ಒಳಗೆ ಬಂದದ್ದನ್ನು ಎಂಜಿನ್ ಎಷ್ಟು ಬಳಸಿಕೊಳ್ಳುತ್ತದೆ ಅನ್ನುವುದು ಹೆಚ್ಚಾಗಿ ಪೋರ್ಟ್‌ಗಳ, ಅಂದರೆ ಸಿಲಿಂಡರ್ ಗೋಡೆಯ ಕಿಂಡಿಗಳ, ಮತ್ತು ಸೈಲೆನ್ಸರಿನ ಕೈಯಲ್ಲಿರುತ್ತದೆ.

ಹಾಗಿದ್ದರೆ ಹಾಕಿಸಿಕೊಂಡವರು "ಬೈಕೇ ಬೇರೆ ಆಗೋಯ್ತು" ಅನ್ನೋದು ಸುಳ್ಳಾ? ಸುಳ್ಳಲ್ಲ. ಬಿಚ್ಚಿದ ಹಳೇ ರೀಡ್ ಬ್ಲಾಕನ್ನು (ಹಾಳೆಗಳು ಕೂತಿರುವ ಚೌಕಟ್ಟನ್ನು) ಟ್ಯೂಬ್‌ಲೈಟ್ ಕಡೆ ಹಿಡಿದು ನೋಡಿ. ಹಾಳೆಯ ತುದಿ ಮೇಲೆದ್ದು ಬೆಳಕಿನ ಗೆರೆ ಕಾಣುತ್ತದೆ. ಕೆಲವದರ ಮೂಲೆಯಲ್ಲಿ ಕೂದಲಿನಷ್ಟು ಸಣ್ಣ ಬಿರುಕು. ಆ ಸಂದಿನಿಂದ ಪೆಟ್ರೋಲ್ ಹಿಂದಕ್ಕೆ ಉಗಿಯುತ್ತಿತ್ತು, ಏರ್ ಫಿಲ್ಟರ್ ಒದ್ದೆಯಾಗುತ್ತಿತ್ತು, ಕಿಕ್ ಹೊಡೆದೂ ಹೊಡೆದೂ ಕಾಲು ನೋಯುತ್ತಿತ್ತು. ಅದರ ಜಾಗಕ್ಕೆ ಯಾವ ಹೊಸ ರೀಡ್ ಬಂದರೂ ಬೈಕ್ ಚುರುಕಾಗುತ್ತದೆ. ಕಂಪನಿಯ ಸಾದಾ ರೀಡ್ ಹಾಕಿದ್ದರೂ ಅಷ್ಟೇ. ಜೊತೆಗೆ ಅದೇ ದಿನ ಕಾರ್ಬ್ ಕ್ಲೀನ್ ಆಗಿರುತ್ತದೆ, ಪ್ಲಗ್ ಹೊಸದು ಬಿದ್ದಿರುತ್ತದೆ. ಹೆಸರು ಮಾತ್ರ ಕಾರ್ಬನ್ ಫೈಬರಿಗೆ.

ಆದ್ದರಿಂದ ಹೊಸದನ್ನು ಹೊಸದರ ಜೊತೆಗೇ ಹೋಲಿಸಿ. ಮೊದಲು ಕಂಪನಿ ಅಳತೆಯ ಹೊಸ ರೀಡ್ ಹಾಕಿಸಿ, ಖಾಲಿ ನೇರ ರಸ್ತೆಯಲ್ಲಿ ಟಾಪ್ ಗೇರಿನಲ್ಲಿ 40ರಿಂದ 70ಕ್ಕೆ ಎಷ್ಟು ಸೆಕೆಂಡ್ ಅಂತ ಹಿಂದೆ ಕೂತವರು ನೋಡಲಿ. ಹೋಗುವಾಗಲೂ ಬರುವಾಗಲೂ ಅಳೆಯಿರಿ, ಗಾಳಿ ಒಂದು ಕಡೆ ಬೀಸುತ್ತಿರುತ್ತದಲ್ಲ. ಆಮೇಲೆ ರೀಡ್ ಒಂದನ್ನೇ ಬದಲಿಸಿ, ಅದೇ ಸವಾರ, ಅದೇ ರಸ್ತೆ. ಡೈನೋ ರಿಪೋರ್ಟ್ (ಪವರ್ ಅಳೆಯುವ ಯಂತ್ರದ ಗ್ರಾಫ್) ತೋರಿಸಿದರೂ ಇದೇ ಕೇಳಿ: ಮೊದಲ ಗೆರೆ ಯಾವ ರೀಡಿನದು?

ಫೈಬರ್ ರೀಡಿಗೆ ನಾನು ಕೊಡುವ ಮಾರ್ಕ್ಸ್ ಬೇರೆ ವಿಷಯಕ್ಕೆ. ಸ್ಟೀಲ್ ಹಾಳೆ ಮುರಿದು ಒಳಗೆ ಹೋದರೆ ಪಿಸ್ಟನ್ನು, ಸಿಲಿಂಡರು ಗೀಚಿ ಹಾಳಾಗುತ್ತವೆ. ಫೈಬರ್ ಚೂರು ಸಾಮಾನ್ಯವಾಗಿ ಅಷ್ಟು ಹಾನಿ ಮಾಡದೆ ಸೈಲೆನ್ಸರ್ ಕಡೆ ಹೊರಟುಹೋಗುತ್ತದೆ. ಅಂಚು ನಾರು ಬಿಡಲು ಶುರುವಾದ ತಕ್ಷಣ ಬದಲಿಸಬೇಕು.

ಹಳೇ ಎಜ್ಡಿ, ಜಾವಾ ಇರುವವರು ಈ ಚಿಂತೆ ಬಿಡಿ. ಮೈಸೂರಿನಲ್ಲಿ ತಯಾರಾದ ಆ ಎಂಜಿನ್‌ಗಳಲ್ಲಿ ಪಿಸ್ಟನ್ನೇ ಪೋರ್ಟ್ ತೆರೆದು ಮುಚ್ಚುತ್ತದೆ. ಕವಾಸಾಕಿ ಬಜಾಜ್ ಕೆಬಿ 100ನಲ್ಲಿ ಆ ಕೆಲಸಕ್ಕೆ ರೋಟರಿ ಡಿಸ್ಕ್, ಅಂದರೆ ತಿರುಗುವ ತಟ್ಟೆ. "ಎಲ್ಲಾ ಟು-ಸ್ಟ್ರೋಕಿಗೂ ಆಗುತ್ತೆ" ಅಂತ ರೀಡ್ ಮಾರುವವನ ಹತ್ತಿರ ಕೊಳ್ಳಬೇಡಿ.

ಪೋರ್ಟಿಂಗ್ ಮಾಡಿಸಿ (ಕಿಂಡಿಗಳನ್ನು ತಿದ್ದಿಸಿ), ಎಕ್ಸ್‌ಪಾನ್ಷನ್ ಚೇಂಬರ್ (ರೇಸಿನ ಉಬ್ಬು ಸೈಲೆನ್ಸರ್) ಹಾಕಿ, ದೊಡ್ಡ ಕಾರ್ಬ್ ಕೂರಿಸಿದ ಡ್ರ್ಯಾಗ್ ಬೈಕಿನ ಕಥೆ ಬೇರೆ. ಅಲ್ಲಿ ಹಳೇ ಬ್ಲಾಕೇ ಅಡ್ಡ ಬರಬಹುದು, ದೊಡ್ಡದು ಹಾಕಿದ್ದಕ್ಕೆ ಅರ್ಥ ಇರುತ್ತದೆ. ಆದರೆ ಗಾಳಿ ನಿಜವಾಗಿ ಜಾಸ್ತಿ ಹೋದರೆ ಪೆಟ್ರೋಲ್ ಸಾಲದೆ ಬರುತ್ತದೆ. ಮೇನ್ ಜೆಟ್, ಅಂದರೆ ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಬಿಡುವ ತೂತು, ಅದಕ್ಕೆ ತಕ್ಕಂತೆ ಏರಿಸಬೇಕು. ಬ್ಲಾಕಿನ ಪ್ಯಾಕಿಂಗ್ ಹಳೇದನ್ನೇ ಹಾಕಿದರೂ ಇದೇ ಫಲ, ಸಂದಿನಲ್ಲಿ ಗಾಳಿ ನುಗ್ಗುತ್ತದೆ. ಆಕ್ಸಲರೇಟರ್ ಬಿಟ್ಟ ಮೇಲೂ ಎಂಜಿನ್ ಗುಂಯ್ ಅಂತ ಮೇಲೇ ನಿಂತರೆ ಓಡಿಸಬೇಡಿ, ಪಿಸ್ಟನ್ ಸೀಜ್ ಆಗುತ್ತದೆ, ಅಂದರೆ ಸಿಲಿಂಡರಿನಲ್ಲೇ ಕಚ್ಚಿಕೊಳ್ಳುತ್ತದೆ. ಪ್ಲಗ್ ಬಿಚ್ಚಿ ನೋಡಿ. ಬಿಳುಚಿಕೊಂಡಿದ್ದರೆ ಆ ದಿನವೇ ಪ್ಯಾಕಿಂಗ್ ಬದಲಿಸಿ, ಜೆಟ್ ನೋಡಿಸಿ.